ತೂತಿಲ್ಲದ ತೇಪೆ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಮೂಸಕ್ಕ ಅನ್ನುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಒಬ್ಬ ಧೈರ್ಯ ಮಾಡಿ ಎದುರಿಗೇ ಅಂದ. ಅವಳ ಹತ್ತಿರ ಹೊಲಿಯಲು ಕೊಟ್ಟಿದ್ದ ಅವನ ಪ್ಯಾಂಟು ಒಂದು ಕಾಲು ಗಿಡ್ಡವಾಗಿ ಬಂತು. ಆಮೇಲೆ ಯಾರೂ ಆ ಉಸಾಬರಿಗೆ ಹೋಗಲಿಲ್ಲ.

ಹೆಸರೇನೂ ಸುಮ್ಮನೆ ಬಂದದ್ದಲ್ಲ. ಹಳೇ ಬಟ್ಟೆಯ ಮೂಟೆ ಅಂಗಡಿ ಮುಂದೆ ಇಳಿಯಿತೆಂದರೆ ಅವಳು ಮೊದಲು ಕಣ್ಣು ಹಾಕುತ್ತಿರಲಿಲ್ಲ, ಮೂಗು ಹಾಕುತ್ತಿದ್ದಳು. ಒಂದೊಂದೇ ಕೋಟು, ಒಂದೊಂದೇ ಅಂಗಿ ಎತ್ತಿ ಕಂಕುಳ ಹತ್ತಿರ, ಕಾಲರಿನ ಒಳಗೆ, ಜೇಬಿನ ತಳದಲ್ಲಿ ಮೂಸುವುದು. "ಇದು ಮೂರು ವರ್ಷ ಪೆಟ್ಟಿಗೇಲಿತ್ತು." "ಇವನು ಸಿಗರೇಟು ಬಿಟ್ಟು ಮತ್ತೆ ಶುರು ಮಾಡಿದಾನೆ." "ಇದನ್ನ ಹೆಂಡತಿ ಒಗೆದಿಲ್ಲ, ಅವನೇ ಒಗೆದಿದಾನೆ, ಸೋಪು ಹೋಗೇ ಇಲ್ಲ ನೋಡು." ಮೂಟೆ ತಂದವನು ಹೂಂ ಹೂಂ ಅನ್ನುತ್ತ ಅರ್ಧ ದಿನ ನಿಂತಿರಬೇಕು. ಮೇಲೆ ಒಳ್ಳೇ ಮಾಲು, ಒಳಗೆ ಚಿಂದಿ ತುರುಕಿ ಕಟ್ಟುವುದು ಆ ವ್ಯಾಪಾರದವರ ಹಳೇ ಚಾಳಿ. ಮೊದಲ ಮೂಟೆಯಲ್ಲೇ ಹಾಗೆ ಮೋಸ ಹೋದವಳು, ಆಮೇಲೆ ಮೂವತ್ತು ವರ್ಷ ಯಾವ ಮೂಟೆಯನ್ನೂ ತಳ ಕಾಣುವ ತನಕ ನಂಬಲಿಲ್ಲ. ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆ ಊದುವುದು ಇದ್ದದ್ದೇ. ಇವಳು ತಣ್ಣೀರನ್ನೂ ಊದುತ್ತಿದ್ದಳು.

ಮೂಟೆಯವನೊಬ್ಬನೇ ಅಲ್ಲ ಪಾಪ. ಹಾಲಿನವನು ನೀರು ಹಾಕುತ್ತಾನೆ, ಮೇಲಿನ ಮನೆಯವರು ಬೇಕೆಂದೇ ಜೋರಾಗಿ ನಡೆಯುತ್ತಾರೆ, ಪೋಸ್ಟಿನವನು ಕಾಗದ ಓದಿ ಆಮೇಲೆ ಕೊಡುತ್ತಾನೆ. ಇತ್ತೀಚೆಗಂತೂ ಈ ಪಟ್ಟಿ ಬೆಳೆಯುತ್ತಲೇ ಇತ್ತು. ಬಲ್ಬಿನ ಅಂಗಡಿಯವನು ನೂರರ ಬಲ್ಬು ಅಂತ ಹೇಳಿ ನಲವತ್ತರದ್ದು ಕೊಟ್ಟ ಅಂತ ಎರಡು ಸಲ ಜಗಳಕ್ಕೆ ಹೋಗಿಬಂದಳು. ಅಳತೆ ಟೇಪಿನವನು ಅಂಕಿಗಳನ್ನು ಸರಿಯಾಗಿ ಅಚ್ಚು ಹಾಕುತ್ತಿಲ್ಲವಂತೆ. ದಾರದ ಅಂಗಡಿಯವನಿಗಂತೂ ಬೀದಿಗೆಲ್ಲ ಕೇಳುವಂತೆ ಬೈದಳು. "ಮುಂಚೆ ಸೂಜಿಗೆ ತೂತು ಅಂತ ಒಂದು ಇರ್ತಿತ್ತು ಕಣಯ್ಯಾ. ಈಗ ಅದನ್ನೂ ಉಳಿಸ್ತಿದೀರಾ? ಕೊರೆಯೋಕೆ ಆಳಿಲ್ವಾ?"

"ಅದೇ ಕಂಪನಿ, ಅದೇ ನಂಬರು ಅಕ್ಕ," ಅಂದ ಅವನು.

"ನಂಬರು ಹಾಗೇ ಇದೆ. ತೂತು ಎಲ್ಲೋಯ್ತು?"

ಅವನು ಇನ್ನೊಂದು ಪೊಟ್ಟಣ ಕೊಟ್ಟು ಕಳಿಸಿದ.

ಬಾಯಿ ಹೀಗಿದ್ದರೂ ಜನ ಅವಳ ಅಂಗಡಿ ಬಿಟ್ಟು ಹೋಗುತ್ತಿರಲಿಲ್ಲ. ಯಾಕೆ ಅಂತ ಕೇಳಿದರೆ ಒಳಗೆ ಹೋಗಿ ನೋಡಬೇಕು. ಮೂರು ಗಂಡಸರ ಅಂಗಿ ಬಿಚ್ಚಿ ಒಂದು ಲಂಗ ಮಾಡಿ ತೂಗುಹಾಕಿರುತ್ತಿದ್ದಳು, ಸೊಂಟಕ್ಕೆ ಮೂರೂ ಕಾಲರು, ಗುಂಡಿಪಟ್ಟಿ ಓರೆಯಾಗಿ ಮಂಡಿ ತನಕ. ಯಾವುದೋ ಕಚೇರಿಯ ಕಿಟಕಿ ಪರದೆ ಗೌನಾಗಿರುತ್ತಿತ್ತು. ಬ್ಯಾಂಡು ಬಾರಿಸುವವನ ಹರಕು ಸಮವಸ್ತ್ರದ ಚಿನ್ನದ ಪಟ್ಟಿ ಒಂದು ಸಾದಾ ಸ್ವೆಟರಿನ ಭುಜ ಹತ್ತಿ ಕೂತಿರುತ್ತಿತ್ತು. ಇದನ್ನೆಲ್ಲ ಅವಳು ಫ್ಯಾಷನ್ ಪುಸ್ತಕ ನೋಡಿ ಕಲಿತದ್ದಲ್ಲ, ಟೀವಿ ನೋಡಿ ಕಲಿತದ್ದಲ್ಲ. ಮೂಟೆಯೇ ಅವಳಿಗೆ ಪುಸ್ತಕ. ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಎಲ್ಲಿ ಸವೆದಿದೆ, ಎಲ್ಲಿ ಬಿಸಿಲು ಬಿದ್ದಿಲ್ಲ, ಎಲ್ಲಿ ಒಂದು ಮಡಿಕೆ ಬಿಚ್ಚಿ ಉದ್ದ ಮಾಡಿದ್ದಾರೆ ಅಂತ ಬೆರಳಾಡಿಸುತ್ತ ಕೂರುವಳು. ಹೊಸದೇನಾದರೂ ಹೊಳೆದರೆ ಅಲ್ಲೇ ಹೊಳೆಯಬೇಕು.

ಊರಿಗೆಲ್ಲ ಅವಳ ಹೆಸರು ಹಬ್ಬಿಸಿದ ಒಳಹೊರಗು ಕೋಟು ಹುಟ್ಟಿದ್ದೂ ಹಾಗೆಯೇ. ಒಮ್ಮೆ ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿದ್ದ ಕೋಟೊಂದರ ಜೇಬು ಬಿಚ್ಚಿದಳು. ಜೇಬಿನ ಅಡಿಯಲ್ಲಿ ಅಂಗೈಯಗಲದ ಕಡು ನೀಲಿ. "ಅಯ್ಯೋ ಕಳ್ಳಾ, ಇಷ್ಟು ವರ್ಷ ಇಲ್ಲಿ ಬಚ್ಚಿಟ್ಕೊಂಡಿದ್ಯಾ?" ಅಂತ ಕೋಟಿಗೇ ಬೈದಳು. ಅಸ್ತರು ಕಿತ್ತು ನೋಡಿದರೆ ಒಳಮೈ ಪೂರ್ತಿ ನೀಲಿ. ಕೋಟಿನ ಒಂದೊಂದು ತುಂಡನ್ನೂ ಬಿಡಿಸಿ, ಒಳಗಿನದ್ದು ಹೊರಗೆ ಬರುವಂತೆ ತಿರುಗಿಸಿ ಹೊಲಿದಳು. ಹಳೇ ಅಸ್ತರನ್ನು ತೋಳಿನ ತುದಿಗೂ ಕಾಲರಿಗೂ ಅಂಚಾಗಿ ತಂದಳು. ಮೊದಲನೆಯದನ್ನು ಲೈಬ್ರರಿಯಲ್ಲಿ ಕೆಲಸ ಮಾಡುವ ಹೆಂಗಸು ಕೊಂಡಳು. ಆ ಕೋಟಿನ ಎದೆಯ ಎಡಭಾಗದಲ್ಲಿ ಸಿಗರೇಟು ಸುಟ್ಟ ತೂತೊಂದಿತ್ತು. ಅದರ ಮೇಲೆ ಕೆಂಪು ಅಸ್ತರಿನ ಅರ್ಧಚಂದ್ರದಂಥ ತೇಪೆ ಹಾಕಿದ್ದಳು. ಲೈಬ್ರರಿಯವಳಿಗೆ ಆ ತೇಪೆಯ ಮೇಲೇ ಪ್ರಾಣ. ಇನ್ನೊಬ್ಬಳು ಬಂದು "ನಂಗೂ ಆ ತೇಪೆ ಬೇಕು" ಅಂದಾಗ ಮೂಸಕ್ಕ ಮುಖ ಕೆಂಪು ಮಾಡಿಕೊಂಡಳು. "ತೂತು ತಗೊಂಡು ಬಾ, ತೇಪೆ ಹಾಕ್ತೀನಿ. ತೂತಿಲ್ಲದೆ ತೇಪೆ ಹಾಕೋದು ಗಾಯ ಇಲ್ದೆ ಪಟ್ಟಿ ಕಟ್ಕೊಂಡು ತಿರುಗೋದು ಎರಡೂ ಒಂದೇ." ಹಾಗಾಗಿ ಆ ತೇಪೆಯ ಕೋಟು ಜಗತ್ತಿಗೆಲ್ಲ ಒಂದೇ ಒಂದು.

ಇನ್ನು ಅವಳ ವಿದ್ಯೆಯ ಬಗ್ಗೆ ಒಂದು ಗುಟ್ಟಿದೆ. ಅದನ್ನು ಅವಳು ಸತ್ತ ಗಂಡನಿಗೂ ಹೇಳಿರಲಿಲ್ಲ.

ಹದಿನಾರನೇ ವಯಸ್ಸಿಗೆ ಒಬ್ಬ ದೊಡ್ಡ ದರ್ಜಿಯ ಹತ್ತಿರ ಕೆಲಸಕ್ಕೆ ಸೇರಿದ್ದಳು. ಕಾಜಾ ಹೊಲಿ, ಗುಂಡಿ ಹಚ್ಚು, ನೆಲ ಗುಡಿಸು, ಅಷ್ಟೇ. ಕಟಿಂಗ್ ಹೊತ್ತಿಗೆ ಆ ಮಹಾನುಭಾವ ಬಾಗಿಲು ಹಾಕಿಕೊಳ್ಳುತ್ತಿದ್ದ. ಆದರೆ ಬೆಳಗ್ಗೆ ಗುಡಿಸಲು ಅಂತ ಬೀಗದ ಕೈ ಇವಳ ಹತ್ತಿರವೇ ಇರುತ್ತಿತ್ತಲ್ಲ! ಬೆಳಕು ಹರಿಯುವ ಹೊತ್ತಿಗೆ ಹೋಗಿ, ಗಿರಾಕಿಗೆ ಹೊಲಿದಿಟ್ಟ ಕೋಟನ್ನು ಬ್ಲೇಡಿನಿಂದ ಬಿಚ್ಚಿ, ಹಳೇ ಪೇಪರಿನ ಮೇಲೆ ಹರಡಿ ಗೆರೆ ಎಳೆದುಕೊಂಡು, ಅವನು ಬರುವಷ್ಟರಲ್ಲಿ ಮತ್ತೆ ಹೊಲಿದಿಡುತ್ತಿದ್ದಳು. ಹೇಗೆ ಹೊಲಿಯುತ್ತಿದ್ದಳು ಅಂತೀರಿ? ಅದೇ ದಾರ, ಅದೇ ತೂತು. ಮೊದಲ ಹೊಲಿಗೆಯ ಒಂದೊಂದು ತೂತಿಗೂ ಸೂಜಿ ಇಳಿಸಿ, ಒಂದು ತೂತು ಆಚೀಚೆ ಆಗದಂತೆ. ಎರಡು ವರ್ಷ ಹೀಗೆ ನಡೆಯಿತು. ಅವನಿಗೆ ಕೊನೆಗೂ ಗೊತ್ತಾಗಲಿಲ್ಲ.

ಬಟ್ಟೆಗೆ ಬಿದ್ದ ತೂತು ಸುಳ್ಳು ಹೇಳುವುದಿಲ್ಲ ಅನ್ನುವುದನ್ನು ಅವಳು ಕಲಿತದ್ದು ಆಗ. ಉಣ್ಣೆಗೆ ಆವಿ ಹಿಡಿದು ಇಸ್ತ್ರಿ ಹಾಕಿದರೆ ತೂತು ಮುಚ್ಚಿಕೊಳ್ಳುತ್ತದೆ. ರೇಷ್ಮೆಯ ಅಸ್ತರಿಗೆ ಒಮ್ಮೆ ತೂತು ಬಿತ್ತೋ, ಅದು ಮಣ್ಣಿಗೆ ಹೋಗುವ ತನಕ ಹಾಗೇ ಇರುತ್ತದೆ.

ಮಗ ಲಿಫ್ಟು ರಿಪೇರಿ ಕೆಲಸದವನು. ಅವನು ಮದುವೆ ಮಾಡಿಕೊಂಡು ಹುಡುಗಿಯನ್ನು ಮನೆಗೆ ಕರೆತಂದಾಗ ಮೂಸಕ್ಕ ಪದ್ಧತಿ ಪ್ರಕಾರ ಮೊದಲು ಮೂಸಿದಳು. ನಿಂಬೆ ಸೋಪಿನ ವಾಸನೆ. ಆ ಹುಡುಗಿ ಬಟ್ಟೆ ಮುಟ್ಟುವ ಮುಂಚೆ ಪ್ರತಿ ಸಲ ಕೈ ತೊಳೆಯುತ್ತಿದ್ದಳು, ಯಾರೂ ಹೇಳಿಕೊಟ್ಟದ್ದಲ್ಲ. ಮಾತು ಕಡಿಮೆ. ಒಂದು ಮಧ್ಯಾಹ್ನ ಚಿಂದಿಯ ರಾಶಿಯಿಂದ ನಾಲ್ಕು ಟೈ ಎತ್ತಿಕೊಂಡು, ಅವನ್ನು ಬೀಸಣಿಗೆ ಹಾಗೆ ಜೋಡಿಸಿ, ಒಂದು ಸಪ್ಪೆ ಗೌನಿನ ಬೆನ್ನಿಗೆ ಇಟ್ಟು ನೋಡಿದಳು. ಮೂಸಕ್ಕ ಒಳಗೆ ಹೋಗಿ ಮುಖ ತೊಳೆದುಕೊಂಡಳು, ಕಣ್ಣು ಒದ್ದೆಯಾಗಿದ್ದು ಯಾರಿಗೂ ಕಾಣಬಾರದು ಅಂತ. ಮೂವತ್ತು ವರ್ಷದಲ್ಲಿ ತನ್ನ ಹಾಗೆ ಬಟ್ಟೆ ನೋಡುವವರು ಒಬ್ಬರೂ ಸಿಕ್ಕಿರಲಿಲ್ಲ ಅವಳಿಗೆ. ತನ್ನ ದೊಡ್ಡ ಕತ್ತರಿಯನ್ನು ಯಾರೂ ಮುಟ್ಟಲು ಬಿಡದವಳು, ಇದನ್ನು ಇವಳಿಗೇ ಕೊಡೋದು, ಅಂಗಡಿಯೂ ಇವಳದ್ದೇ ಅಂತ ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಬಿಟ್ಟಳು. ಬಾಯಲ್ಲಿ ಮಾತ್ರ, "ಟೈ ಮುಟ್ಟಿದ ಮೇಲೆ ಮಡಚಿಡೋದು ಕಲಿ" ಅಂದಳು.

ಆದ್ದರಿಂದಲೇ, ಅನುಮಾನ ಬಂದಾಗ ಅದು ಅವಳನ್ನು ಅಷ್ಟು ತಿಂದದ್ದು.

ಶುರುವಾದದ್ದು ವಾಸನೆಯಿಂದ. ಹೊಲಿದು ಮುಗಿಸಿ ತೂಗುಹಾಕಿದ ಕೋಟೊಂದನ್ನು ಬೆಳಗ್ಗೆ ಎತ್ತಿದರೆ ಭುಜದ ಹೊಲಿಗೆ ಹತ್ತಿರ ನಿಂಬೆ ಸೋಪು, ಜೊತೆಗೆ ಒದ್ದೆ ಉಣ್ಣೆಯ ವಾಸನೆ. ಈ ಕೋಟು ಹೊಲಿದದ್ದು ನಾನು, ಇಸ್ತ್ರಿ ಹಾಕಿದ್ದು ನಾನು, ಇವಳ ಕೈ ಇಲ್ಲಿಗೆ ಯಾಕೆ ಬಂತು? ಇಸ್ತ್ರಿ ಪೆಟ್ಟಿಗೆ ಮುಟ್ಟಿ ನೋಡಿದಳು. ಬೆಚ್ಚಗಿತ್ತು. ಮಾರನೇ ವಾರ ಬೂದು ದಾರದ ರೀಲು ಲೆಕ್ಕಕ್ಕಿಂತ ಬೇಗ ಖಾಲಿ. ಕೋಟಿನ ತುಂಡುಗಳ ಅಳತೆಗೆ ಕತ್ತರಿಸಿದ ಪೇಪರ್ ಕಟಿಂಗ್ ಇಡುವ ರಟ್ಟಿನ ಚೀಲದ ಲಾಡಿ ಬೇರೆ ಥರ ಕಟ್ಟಿತ್ತು. ಒಳಹೊರಗು ಕೋಟಿನ ಅಷ್ಟೂ ಅಳತೆ ಇದ್ದದ್ದು ಆ ಚೀಲದಲ್ಲೇ.

ಆ ರಾತ್ರಿ ಮೂಸಕ್ಕ ಚೀಲದ ಮೇಲೆ ಸೀಮೆಸುಣ್ಣದ ಪುಡಿ ತೆಳುವಾಗಿ ಉದುರಿಸಿ ಮಲಗಿದಳು. ಬೆಳಗ್ಗೆ ನೋಡಿದರೆ ಪುಡಿ ಅಳಿಸಿತ್ತು. ಸೊಸೆಯ ಲಂಗಕ್ಕೆ ಬಿಳಿ ಹತ್ತಿತ್ತು.

"ಏನೇ ಅದು ಬಿಳೀದು?"

"ಎಲ್ಲಿ ಅತ್ತೆ? ಓ, ಸೀಮೆಸುಣ್ಣ ಇರ್ಬೇಕು." ಕೊಡವಿಕೊಂಡು ಕೆಲಸಕ್ಕೆ ಕೂತಳು. ಕೂತವಳು ಒಮ್ಮೆ ಕಳ್ಳನೋಟ ಹಾಕಿದ್ದು ಮೂಸಕ್ಕನಿಗೆ ಗೊತ್ತಾಯಿತು. ಗೊತ್ತಾಗದೆ ಇರುತ್ತದೆಯೇ?

ಆಮೇಲೊಂದು ದಿನ ಬೆಳಗಾಗುವ ಹೊತ್ತಿಗೆ ಎಚ್ಚರವಾಯಿತು. ಹೊಲಿಗೆಯ ಕೋಣೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಸಂದಿಯಲ್ಲಿ ಬೆಳಕು. ಕಿವಿ ಇಟ್ಟಳು. ಮೆಷಿನ್ನಿನ ಸದ್ದಲ್ಲ. ಟಿಕ್. ಟಿಕ್. ಟಿಕ್. ಆ ಸದ್ದು ಗೊತ್ತಿಲ್ಲದವಳೇ ಅವಳು? ಹೊಲಿಗೆಯ ಒಂದೊಂದೇ ದಾರಕ್ಕೆ ಬ್ಲೇಡಿನ ಮೂಲೆ ತಾಗಿದಾಗ ಬರುವ ಸದ್ದು ಅದು. ಒಳಗೆ ಕೂತು ಕೋಟು ಬಿಚ್ಚುತ್ತಿದ್ದಾಳೆ! ಬೆಳಗಿನ ಜಾವ, ಬಾಗಿಲು ಹಾಕಿಕೊಂಡು, ಯಜಮಾನಿ ಏಳುವ ಮುಂಚೆ. ಇದನ್ನು ಈ ಮನೆಯಲ್ಲಿ ಮೂಸಕ್ಕನಿಗೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ತಾನು ಮಾಡಿದ್ದನ್ನೇ ಇವಳು ಮಾಡುತ್ತಿದ್ದಾಳೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಅದು ಐವತ್ತು ವರ್ಷ ಆದ ಮೇಲೂ ಹುಳ್ಳುಳ್ಳಗೇ ಇರುತ್ತದೆ ಅಂತ ಕಾಣುತ್ತದೆ.

ಅದೇ ಹೊತ್ತಿಗೆ ಇಸ್ತ್ರಿಯಣ್ಣ ಬಂದು ಬೆಂಕಿಗೆ ಎಣ್ಣೆ ಹೊಯ್ದ. ಬೀದಿಯ ಮೂಲೆಯಲ್ಲಿ ಇಸ್ತ್ರಿ ಹಾಕುವವನು ಅವನು. ಊರಿನ ಸುದ್ದಿಯೆಲ್ಲ ಬಟ್ಟೆಯ ಜೊತೆ ಅವನ ಮೇಜಿನ ಮೇಲೇ ಮಡಿಕೆ ಬೀಳುವುದು.

"ಅಕ್ಕ, ಗಾಜಿನಂಗಡಿ ನೋಡಿದ್ರಾ? ನಿಮ್ ಕೋಟು ನೇತಾಕಿದಾನೆ. ಒಂದಲ್ಲ, ಸಾಲಾಗಿ ಆರು."

ಗಾಜಿನಂಗಡಿ ಅಂದರೆ ರಸ್ತೆಯಾಚೆಗಿನ ರೆಡಿಮೇಡ್ ಅಂಗಡಿ, ಮುಂದೆಲ್ಲ ಕನ್ನಡಿಯಂಥ ಗಾಜು. ಮೂಸಕ್ಕ ತನ್ನ ಹೊಸಿಲ ಮೇಲೆ ನಿಂತು ಕಣ್ಣು ಕಿರಿದು ಮಾಡಿ ನೋಡಿದಳು. ಏನೋ ನೀಲಿ ನೀಲಿ, ನಡುವೆ ಕೆಂಪು ಮಸಕು. "ಗಾಜು ಒರೆಸೋದೇ ಇಲ್ಲ ಇವನು, ದರಿದ್ರದವನು," ಅಂದಳು. "ನಂದೇ ಅಂತ ಹೆಂಗೆ ಹೇಳ್ತೀಯ?"

"ಪಡಿಯಚ್ಚು ಅಕ್ಕ. ಬೇಕಾದ್ರೆ ಒಂದು ತಂದ್ಕೊಡ್ತೀನಿ, ನೀವೇ ಮೂಸಿ ನೋಡಿ."

ತಂದೂ ಕೊಟ್ಟ. ಕಂದು ಕಾಗದದಲ್ಲಿ ಸುತ್ತಿ ದಾರ ಕಟ್ಟಿದ್ದ ಪೊಟ್ಟಣ. ಮೂಸಕ್ಕ ಅದನ್ನು ಬಿಚ್ಚಲಿಲ್ಲ. ಒಬ್ಬಳೇ ಬಿಚ್ಚಿದರೆ ನಾಳೆ "ಅತ್ತೆಯೇ ಏನೋ ಮಾಡಿದ್ಲು" ಅಂದಾರು. ಸಾಕ್ಷಿಯ ಎದುರಿಗೇ ಬಿಚ್ಚಬೇಕು. ಪೊಟ್ಟಣವನ್ನು ತನ್ನ ಹಾಸಿಗೆಯ ಕೆಳಗೆ ಇಟ್ಟು, ಅದರ ಮೇಲೆ ಮೂರು ದಿನ ಮಲಗಿದಳು. ನಿದ್ದೆ ಬರಲಿಲ್ಲ. ಅನ್ನ ಸೇರಲಿಲ್ಲ. ಸೊಸೆ ಬಡಿಸಲು ಬಂದರೆ ತಟ್ಟೆ ಸರಿಸುತ್ತಿದ್ದಳು.

ಶುಕ್ರವಾರ ಮಗನನ್ನು ಬಾಗಿಲ ಹೊರಗೆ ಕರೆದು ಹೇಳಿಯೇಬಿಟ್ಟಳು.

"ನಿನ್ ಹೆಂಡ್ತಿ ನನ್ ಕೋಟಿನ ಕಟಿಂಗ್ ಕದ್ದು ಗಾಜಿನಂಗಡಿಗೆ ಕೊಡ್ತಿದಾಳೆ."

ಮಗ ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿದ. "ಅಮ್ಮ, ಹೋದ್ ತಿಂಗಳು ಬಲ್ಬಿನವನು ಕಳ್ಳ. ಅದಕ್ ಮುಂಚೆ ಸೂಜಿಯವನು. ಈಗ ಇವಳಾ?"

"ಬೆಳಗ್ಗೆ ಎದ್ದು ಚಿಲಕ ಹಾಕ್ಕೊಂಡು ಕೋಟು ಬಿಚ್ತಾಳೆ. ಕಿವಿಯಾರೆ ಕೇಳಿದೀನಿ. ಕೇಳು ಹೋಗು ಅವಳನ್ನ."

ಅವನು ಹೋಗಿ ಕೇಳಿದ. ವಾಪಸು ಬಂದಾಗ ಮುಖ ಸಪ್ಪಗಿತ್ತು. "ಬಿಚ್ಚಿದ್ದು ಹೌದಂತೆ. ಯಾಕೆ ಅಂದ್ರೆ ಹೇಳಲ್ಲ ಅಂತಾಳೆ."

"ಹೇಳೋಕ್ಕೆ ಬಾಯಿ ಎಲ್ಲಿಂದ ಬರ್ಬೇಕು?"

"ಅಮ್ಮ, ಅವಳು ಅಳ್ತಿದಾಳೆ."

"ಅಳೋದು ನಂಗೂ ಬರತ್ತೆ. ಭಾನುವಾರ ನಿಮ್ಮಿಬ್ರ ಎದುರಿಗೇ ಆ ಕೋಟು ಬಿಚ್ತೀನಿ. ನನ್ ಕಟಿಂಗ್ ಅಂತ ಆದ್ರೆ ಅವಳು ಈ ಕೋಣೆ ಹೊಸಿಲು ತುಳಿಯೋ ಹಾಗಿಲ್ಲ. ನೀನು ಬೇಕಾದ್ರೆ ಇರು."

"ಅವಳು ಹೋದ್ರೆ ನಾನೂ ಹೋಗ್ತೀನಿ," ಅಂದ ಮಗ. ಜೋರಾಗಿ ಅನ್ನಲಿಲ್ಲ. ಅದಕ್ಕೇ ಅದು ನಿಜ ಅಂತ ಅವಳಿಗೆ ಗೊತ್ತಾಯಿತು. ಆದರೂ ಹಿಂದೆ ಸರಿಯುವ ಜಾತಿಯಲ್ಲ ಅವಳು. ಆ ರಾತ್ರಿ ಹಾಸಿಗೆಯಲ್ಲಿ ಕೂತು, ಮಗ ಹೋಗುತ್ತಾನೆ, ಸೊಸೆ ಹೋಗುತ್ತಾಳೆ, ಕತ್ತರಿ ತುಕ್ಕು ಹಿಡಿಯುತ್ತದೆ ಅಂತ ಒಂದೊಂದಾಗಿ ಹೇಳಿಕೊಂಡು ಸಂಕಟಪಟ್ಟಳು. ಪೊಟ್ಟಣ ಮಾತ್ರ ಹಾಸಿಗೆಯ ಕೆಳಗೇ ಇತ್ತು.

ಭಾನುವಾರ ಹತ್ತು ಗಂಟೆಗೆ ಮೂವರೂ ಕಟಿಂಗ್ ಮೇಜಿನ ಸುತ್ತ ನಿಂತರು. ಸೊಸೆ ಒಂದು ಚೀಲದಲ್ಲಿ ಬಟ್ಟೆ ತುಂಬಿಕೊಂಡು ಬಾಗಿಲ ಹತ್ತಿರ ಇಟ್ಟಿದ್ದಳು. ಮೂಸಕ್ಕ ಅದನ್ನು ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮೊದಲೇ ಕಟ್ಟಿಕೊಂಡಿದ್ದಾಳೆ ಅಂತ ತನಗೆ ತಾನೇ ಹೇಳಿಕೊಂಡಳು, ಮನಸ್ಸು ಕರಗಬಾರದು ಅಂತ.

ಪೊಟ್ಟಣದ ದಾರ ಕಿತ್ತು ಕೋಟು ಹರಡಿದಳು. ಮೊದಲು ಮೂಸಿದಳು. ಹೊಸ ಬಟ್ಟೆಯ ಗಂಜಿ, ಎಣ್ಣೆ, ಪ್ಲಾಸ್ಟಿಕ್ಕು. ನಿಂಬೆ ಇಲ್ಲ. ಇರಲಿ, ಕಾರ್ಖಾನೆಯಲ್ಲಿ ಹೊಲಿದ ಮೇಲೆ ವಾಸನೆ ಎಲ್ಲಿ ಉಳಿಯುತ್ತದೆ? ಬ್ಲೇಡು ತೆಗೆದುಕೊಂಡು ತೋಳು ಕಿತ್ತಳು. ಕಿತ್ತು, ಬೆರಳಾಡಿಸಿ, ನಿಂತಳು.

ತೋಳು ಒಂದೇ ತುಂಡಿನದು. ಅವಳ ಪೇಪರ್ ಕಟಿಂಗಿನಲ್ಲಿ ತೋಳಿಗೆ ಎರಡು ತುಂಡು. ಒಳಹೊರಗಿನ ಜೀವ ಇರುವುದೇ ಆ ಎರಡನೇ ತುಂಡಿನಲ್ಲಿ. ಭುಜ ಬಿಚ್ಚಿದಳು. ಭುಜವೂ ಬೇರೆ. ಅಸ್ತರಿನ ಅಂಚು ಅಸ್ತರೇ ಅಲ್ಲ, ಮೇಲಿಂದ ಅಂಟಿಸಿದ ಪಟ್ಟಿ. ಬಟ್ಟೆ ಒಳಗೂ ಹೊರಗೂ ಒಂದೇ ನೀಲಿ, ತಿರುಗಿಸಲು ಏನೂ ಇಲ್ಲ. ಆಮೇಲೆ ಎದೆಯ ಎಡಕ್ಕೆ ಕೈ ಹೋಯಿತು. ಕೆಂಪು ಅರ್ಧಚಂದ್ರ.

ಗಾಜಿನ ಹಿಂದೆ ಕಂಡ ಆ ಕೆಂಪು ಮಸಕು ಇದೇ! ಆರು ಕೋಟಿಗೂ ಇದೇ! ಅವಳು ತೇಪೆಯನ್ನು ಕಿತ್ತು ಅಡಿಯಲ್ಲಿ ಬೆರಳಿಟ್ಟಳು. ನುಣ್ಣಗಿತ್ತು. ತೂತಿಲ್ಲ.

"ಏನಮ್ಮ?" ಅಂದ ಮಗ.

ಮೂಸಕ್ಕ ಕಿತ್ತ ತೇಪೆಯನ್ನು ತಿರುಗಿಸಿ ನೋಡಿ ಮೇಜಿನ ಮೇಲೆ ಇಟ್ಟಳು. ಆಮೇಲೆ, "ಇದು ಕಟಿಂಗ್ ನೋಡಿದವನ ಕೆಲ್ಸ ಅಲ್ಲ," ಅಂದಳು. "ಲೈಬ್ರರಿಯವಳು ದಿನಾ ಅವನ ಅಂಗಡಿ ಮುಂದೇನೇ ಹೋಗ್ತಾಳೆ. ಅವಳ ಮೈಮೇಲಿನ ಕೋಟು ನೋಡ್ಕೊಂಡು ಹೊಲಿಸಿದಾನೆ, ಮುಂಡೇಗಂಡ. ತೇಪೆ ಸಮೇತ." ಹೇಳುತ್ತಿದ್ದಂತೆ ಅವಳಿಗೆ ನಗು ಬಂತು, ಸಿಟ್ಟೂ ಬಂತು. "ತೂತೇ ಇಲ್ದೆ ತೇಪೆ ಹಾಕಿದಾನಲ್ಲೋ! ಆರು ಕೋಟಿಗೆ!"

ಮಗ ಉಸಿರು ಬಿಟ್ಟ. ಸೊಸೆ ತಲೆ ಎತ್ತಲಿಲ್ಲ. ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ಮುಗಿಯುತ್ತಲೂ ಇತ್ತು. ಆದರೆ ಅನುಮಾನದ ಹುಳ ಒಂದು ಬಾಗಿಲು ಮುಚ್ಚಿದರೆ ಇನ್ನೊಂದರಿಂದ ನುಗ್ಗುತ್ತದೆ.

"ಮತ್ತೆ ಬೆಳಗ್ಗೆ ಬೆಳಗ್ಗೆ ಏನ್ ಬಿಚ್ತಿದ್ದೆ ನೀನು?"

"ಏನೂ ಇಲ್ಲ ಅತ್ತೆ."

"ಏನೂ ಇಲ್ದೇ ಇರೋದನ್ನ ಚಿಲಕ ಹಾಕ್ಕೊಂಡು ಬಿಚ್ತಾರಾ?"

ಗೋಡೆಯ ಗೂಟದಲ್ಲಿ ಹೋದ ವಾರ ಹೊಲಿದ ಕೋಟು ತೂಗುತ್ತಿತ್ತು. ಮೂಸಕ್ಕ ಅದನ್ನು ಎಳೆದು ಮೇಜಿಗೆ ಹಾಕಿದಳು. ಸೊಸೆ ಓಡಿ ಬಂದು ಕೋಟಿನ ಮೇಲೆ ಎರಡೂ ಕೈ ಇಟ್ಟಳು. ಎರಡು ವರ್ಷದಲ್ಲಿ ಅವಳು ಅತ್ತೆಗೆ ಅಡ್ಡ ಬಂದದ್ದು ಅದೇ ಮೊದಲು.

"ಬೇಡ ಅತ್ತೆ. ನಾನು ಹೋಗ್ತೀನಿ, ಚೀಲ ಕಟ್ಟಿಟ್ಟಿದೀನಿ. ಇದನ್ನ ಬಿಚ್ಬೇಡಿ."

"ಕೈ ತೆಗಿ."

"ದಮ್ಮಯ್ಯ ಅತ್ತೆ."

"ಕೈ ತೆಗಿ ಅಂದೆ!"

ಕೈ ತೆಗೆದಳು. ಮೂಸಕ್ಕ ಅಸ್ತರಿನ ಪಕ್ಕದ ಹೊಲಿಗೆ ಬಿಚ್ಚಿದಳು. ರೇಷ್ಮೆ ಅಸ್ತರು. ಕಟಿಂಗ್ ಕದಿಯಲು ಬಿಚ್ಚಿದವರು ಹೇಗೆ ಹೊಲಿಯುತ್ತಾರೆ ಅಂತ ಅವಳಿಗೆ ಗೊತ್ತಲ್ಲ, ಅದೇ ತೂತಿಗೆ ಅದೇ ಸೂಜಿ. ಅಲ್ಲಿ ಒಂದೇ ಸಾಲು ತೂತು ಇರಬೇಕು. ಹೆಬ್ಬೆರಳಿನ ತುದಿಯನ್ನು ಬಟ್ಟೆಯ ಮೇಲೆ ನಿಧಾನಕ್ಕೆ ಎಳೆದಳು.

ಎರಡು ಸಾಲಿತ್ತು.

ಒಂದು ನೆಟ್ಟಗೆ, ನೂಲು ಹಿಡಿದಂತೆ. ಇನ್ನೊಂದು ಖಾಲಿ ತೂತುಗಳ ಸಾಲು. ಅದು ಅಂಚಿನಿಂದ ಶುರುವಾಗಿ, ಒಳಗೆ ಸರಿದು, ಮತ್ತೆ ಹೊರಗೆ ಬಂದು, ಒಂದು ಕಡೆ ಅಂಚು ಬಿಟ್ಟೇ ಹೋಗಿ, ಗಾಳಿಯಲ್ಲಿ ಹೊಲಿದು, ಮತ್ತೆ ಬಟ್ಟೆಗೆ ಬಂದಿತ್ತು. ಅವಳು ಮತ್ತೊಮ್ಮೆ ಬೆರಳು ಎಳೆದಳು. ಸಾಲಿನ ಕೊನೆಯಲ್ಲಿ ಹಿಂದಕ್ಕೆ ಮೂರು ಹೊಲಿಗೆ ಹಾಕಿ ನಿಲ್ಲಿಸಿದ ಗುರುತು. ಮೂರು ಹಿಂದಕ್ಕೆ ಹಾಕಿ ನಿಲ್ಲಿಸುವುದು ಈ ಮನೆಯಲ್ಲಿ ಒಬ್ಬರೇ. ಸೊಸೆಯದು ನಾಲ್ಕು.

ಕೋಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಕಣ್ಣಿಗೆ ಒಂದೂ ತೂತು ಕಾಣಲಿಲ್ಲ. ಬೆರಳಿಗೆ ಎಲ್ಲವೂ ಕಾಣುತ್ತಿತ್ತು.

ಸೂಜಿ. ಬಲ್ಬು. ಟೇಪಿನ ಅಂಕಿ. ಗಾಜಿನಂಗಡಿಯವನು ಒರೆಸದ ಗಾಜು. ಬೀದಿಯವರನ್ನೆಲ್ಲ ಕಳ್ಳರು ಮಾಡಿ, ಕೊನೆಗೆ ಮನೆಯ ಹುಡುಗಿಯನ್ನೂ ಕಳ್ಳಿ ಮಾಡಿ, ಮೂಸಕ್ಕ ಅನುಮಾನ ಪಡದೆ ಬಿಟ್ಟಿದ್ದು ತನ್ನ ಎರಡು ಕಣ್ಣುಗಳನ್ನು ಮಾತ್ರ. ಸ್ಟೂಲಿನ ಮೇಲೆ ಕೂತುಬಿಟ್ಟಳು.

"ಎಷ್ಟು ದಿನದಿಂದ?"

ಸೊಸೆ ಮೇಜಿನ ಮೇಲೆ ಬಿದ್ದ ದಾರದ ಚೂರು ಆಯತೊಡಗಿದಳು.

"ಕೇಳ್ತಿದೀನಲ್ಲ."

"ಎಂಟು ತಿಂಗಳಾಯ್ತು ಅತ್ತೆ. ಮೊದಲು ಒಂದು ತೋಳು, ಅಷ್ಟೇ. ಗಿರಾಕಿ ಬೆಳಗ್ಗೇನೇ ಬರೋರಿದ್ರು, ತೋಳು ತಿರುಚ್ಕೊಂಡಿತ್ತು. ಅದಕ್ಕೆ ಕಟಿಂಗ್ ತೆಗ್ದು ನೋಡ್ಕೊಂಡು, ಬಿಚ್ಚಿ ಹೊಲ್ದೆ. ಆಮೇಲೆ... ದಿನಾ ನೋಡೋ ಹಾಗಾಯ್ತು."

"ನಂಗ್ಯಾಕೆ ಹೇಳ್ಲಿಲ್ಲ?"

ಸೊಸೆ ಮೊದಲ ಸಲ ಅವಳ ಮುಖವನ್ನು ನೇರವಾಗಿ ನೋಡಿದಳು. "ಹೇಳಿದ್ರೆ ನಂಬ್ತಿದ್ರಾ ಅತ್ತೆ?"

ನಂಬುತ್ತಿರಲಿಲ್ಲ. ನನ್ನ ಮೆಷಿನ್ನಿನ ಮೇಲೆ ಕಣ್ಣು ಹಾಕಿದಾಳೆ, ನನ್ನನ್ನ ಮೂಲೆಗೆ ತಳ್ಳೋಕ್ಕೆ ಕಥೆ ಕಟ್ಟಿದಾಳೆ ಅನ್ನುತ್ತಿದ್ದಳು. ಬೀದಿಗೆಲ್ಲ ಕೇಳುವಂತೆ ಅನ್ನುತ್ತಿದ್ದಳು. ಹೋದ ತಿಂಗಳು ಒಬ್ಬ ಗಿರಾಕಿ "ವಯಸ್ಸಾದಷ್ಟೂ ನಿಮ್ ಹೊಲಿಗೆ ನೆಟ್ಟಗಾಗ್ತಿದೆ ನೋಡಿ" ಅಂತ ಹೊಗಳಿದಾಗ ತಾನು ಸೊಸೆಯ ಕಡೆ ತಿರುಗಿ, "ಕೇಳಿಸ್ಕೋ, ಕಲಿ" ಅಂದದ್ದು ನೆನಪಾಯಿತು. ಅವತ್ತು ಆ ಹುಡುಗಿ "ಹೂಂ ಅತ್ತೆ" ಅಂದು ಸುಮ್ಮನೆ ಗುಂಡಿ ಹಚ್ಚುತ್ತ ಕೂತಿದ್ದಳು. ಮೂಸಕ್ಕನಿಗೆ ಕಿವಿಯ ತನಕ ಬಿಸಿ ಏರಿತು.

"ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ," ಅಂದಳು, ಯಾರಿಗೂ ಅಲ್ಲದ ಹಾಗೆ. "ಆ ಸೂಜಿಯವನಿಗೆ ಏನ್ ಬೈದ್ಬಿಟ್ಟೆ ನಾನು."

"ಅಮ್ಮ, ನಾಳೆ ಕಣ್ಣಿನ ಡಾಕ್ಟರ್ ಹತ್ರ ಹೋಗಣ," ಅಂದ ಮಗ.

"ಹೋಗಣ. ಆದ್ರೆ ಆ ಕನ್ನಡಕದವರು ಭಾರಿ ಕಳ್ಳರು, ನೀನೂ ಜೊತೇಲಿರ್ಬೇಕು." ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಮಗ ಬೇರೆ ಕಡೆ ಮುಖ ತಿರುಗಿಸಿ ನಕ್ಕ.

ಅವಳು ಎದ್ದು ಬಾಗಿಲ ಹತ್ತಿರ ಹೋಗಿ ಸೊಸೆಯ ಚೀಲ ಎತ್ತಿಕೊಂಡಳು. ಒಳಗಿದ್ದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಕಟಿಂಗ್ ಮೇಜಿನ ಮೇಲೆ ಇಟ್ಟಳು. ಅಭ್ಯಾಸ ಎಲ್ಲಿ ಹೋಗುತ್ತದೆ, ಒಂದನ್ನು ಮೂಗಿನ ಹತ್ತಿರ ತಂದಳು. ನಿಂಬೆ ಸೋಪು. ಖಾಲಿ ಚೀಲವನ್ನು ಮಡಚಿ ಚಿಂದಿಯ ರಾಶಿಗೆ ಎಸೆದಳು.

"ಇದರ ಬಟ್ಟೆ ಗಟ್ಟಿಯಾಗಿದೆ. ಯಾವುದಕ್ಕಾದ್ರೂ ಜೇಬಿಗಾಗತ್ತೆ."

ಆಮೇಲೆ ಗೂಡಿನಿಂದ ದೊಡ್ಡ ಕತ್ತರಿ ತೆಗೆದು, ಸೆರಗಿನಲ್ಲಿ ಒರೆಸಿ, ಹಿಡಿ ಸೊಸೆಯ ಕಡೆ ಬರುವಂತೆ ಮೇಜಿನ ಮೇಲಿಟ್ಟಳು. ಸೊಸೆ ಮುಟ್ಟಲಿಲ್ಲ. ಮೊದಲು ಹೋಗಿ ಕೈ ತೊಳೆದುಕೊಂಡು ಬಂದಳು.

ಬಿಚ್ಚಿದ ಕೋಟನ್ನು ಮತ್ತೆ ಹೊಲಿಯಬೇಕಿತ್ತಲ್ಲ. ಮೂಸಕ್ಕ ಅದನ್ನು ತೊಡೆಯ ಮೇಲೆ ಹಾಕಿಕೊಂಡು, ಮೂವತ್ತು ವರ್ಷದಲ್ಲಿ ಯಾರಿಗೂ ಕೊಡದಿದ್ದ ಸೂಜಿ, ದಾರ ಎರಡನ್ನೂ ಸೊಸೆಯ ಕಡೆ ಚಾಚಿದಳು. ಸೊಸೆ ಒಂದೇ ಸಲಕ್ಕೆ ಪೋಣಿಸಿ ವಾಪಸು ಕೊಟ್ಟಳು.

"ಒಂದು ಕೇಳ್ತೀನಿ, ನಿಜ ಹೇಳು," ಅಂದಳು ಮೂಸಕ್ಕ. "ಅಷ್ಟೊಂದು ಸೊಟ್ಟಗಿತ್ತಾ ನನ್ ಹೊಲಿಗೆ?"

"ಇಲ್ಲ ಅತ್ತೆ. ಎಲ್ಲೋ ಒಂದೊಂದು ಕಡೆ, ಸ್ವಲ್ಪ."

ಹಸಿ ಸುಳ್ಳು. ಮೂಸಕ್ಕನ ಹೆಬ್ಬೆರಳು ಆಗಲೂ ಆ ಸೊಟ್ಟ ಸಾಲಿನ ಮೇಲೇ ಇತ್ತು.

"ಹಾಗಾದ್ರೆ ಸರಿ," ಅಂದು ಅವಳು ಕೋಟನ್ನು ಸೊಸೆಯ ತೊಡೆಗೆ ದಾಟಿಸಿದಳು.